ಹಕ್ಕಿ ಎಲ್ಲಿ ಮೇಯುತ್ತದೆ, ಎಲ್ಲಿ ಹಿಕ್ಕೆ ಹಾಕುತ್ತದೆ?

(ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ರೈತರು, ಮೀನುಗಾರರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೋನಾಳ ಕೆರೆ ನಿಮಗೆಲ್ಲ ಗೊತ್ತೇ ಇದೆ. ಸುರಪುರದ ನಾಯಕರ ಕಾಲದ ಕೆರೆ. ಇವತ್ತು ಅದು ಪಕ್ಷಿಧಾಮ. ರಂಗನತಿಟ್ಟು ಬಿಟ್ಟರೆ ರಾಜ್ಯದಲ್ಲಿ ದೊಡ್ಡ ಪಕ್ಷಿಧಾಮ ಇದೇ ಎಂಬ ಹೆಸರೂ ಇದೆ. ಜೊಂಡಿನೊಳಗೆ ಕೆನ್ನೀಲಿ ಬಕ, ದಂಡೆಯಲ್ಲಿ ಕೆಂಬರಲು, ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು. ಇವನ್ನೆಲ್ಲ ನೋಡೋಕೆ ದೂರದೂರಿಂದ ಜನ ಬರುತ್ತಾರೆ.

ಹಕ್ಕಿ ಇರುವ ಕೆರೆಗಳ ಸುತ್ತ ಎರಡು ಮಾತು ಯಾವಾಗಲೂ ಕೇಳುತ್ತವೆ. ಹೊಲ ಇರುವವರು, "ಹಕ್ಕಿ ಹಿಕ್ಕಿ ಬಿದ್ದ ನೀರು ಗೊಬ್ಬರ ಇದ್ದಂಗ್ರಿ, ಬೆಳಿ ಚಲೋ ಬರ್ತದ" ಅನ್ನುತ್ತಾರೆ. ಮೀನು ಹಿಡಿಯುವವರು, "ಈ ಹಕ್ಕಿಗಳಿಂದನ ಕೆರಿ ಕೆಟ್ಟದ, ನೀರು ಹಸರ ಆಗ್ಯದ" ಅನ್ನುತ್ತಾರೆ. ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧ. ಆದರೆ ಇಬ್ಬರೂ ನೋಡುತ್ತಿರುವುದು ಒಂದೇ ಸಂಗತಿಯನ್ನು. ಹೊಲದಲ್ಲಿ ಬೆಳೆ ಬೆಳೆಸುವ ಸತ್ವವೇ (ಸಾರಜನಕ, ಮತ್ತು ರಂಜಕ ಅಂದರೆ ಫಾಸ್ಫರಸ್) ಕೆರೆಯಲ್ಲಿ ಪಾಚಿ ಬೆಳೆಸುತ್ತದೆ. ಹಾಗಾಗಿ ಹಕ್ಕಿ ಒಳ್ಳೆಯದಾ ಕೆಟ್ಟದ್ದಾ ಅಂತ ಜಗಳ ಆಡುವ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು. ಆ ಹಕ್ಕಿ ಎಲ್ಲಿ ಮೇಯುತ್ತದೆ? ಎಲ್ಲಿ ಹಿಕ್ಕೆ ಹಾಕುತ್ತದೆ? ಇವತ್ತು ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ಮೊದಲು ಹಿಕ್ಕೆಯನ್ನೇ ನೋಡೋಣ. ಮೂಗು ಮುಚ್ಚಿಕೊಳ್ಳಬೇಡಿ. ಹಕ್ಕಿಯ ಹಿಕ್ಕೆಯಲ್ಲಿ ಎರಡು ಬಣ್ಣ ಇರುತ್ತದೆ. ಕಪ್ಪು ಅಥವಾ ಹಸಿರು ಭಾಗ ಅದು ತಿಂದದ್ದರ ಉಳಿಕೆ. ಸುಣ್ಣದಂಥ ಬಿಳಿ ಭಾಗ ಅದರ ಮೂತ್ರ. ನಮ್ಮ ಹಾಗೆ ಹಕ್ಕಿ ಯೂರಿಯಾ ಮಾಡಿ ನೀರಿನ ಜೊತೆ ಹೊರಹಾಕುವುದಿಲ್ಲ. ಯೂರಿಕ್ ಆಮ್ಲ ಮಾಡಿ ಗಟ್ಟಿಯಾಗಿ ಹೊರಹಾಕುತ್ತದೆ. ಆ ಬಿಳಿಯಲ್ಲೇ ಸಾರಜನಕ ಜಾಸ್ತಿ. ಬ್ಯಾಕ್ಟೀರಿಯಾ ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ನಮ್ಮ ಬಿಸಿಲಿಗೆ ಆ ಅಮೋನಿಯಾದಲ್ಲಿ ಸ್ವಲ್ಪ ಭಾಗ ಗಾಳಿಗೆ ಹಾರಿಹೋಗುತ್ತದೆ. ಹಕ್ಕಿಗಳು ಗುಂಪಾಗಿ ಗೂಡು ಕಟ್ಟಿದ ಮರದ ಕೆಳಗೆ ನಿಂತರೆ ಕಣ್ಣು ಉರಿಯುವುದು ಇದರಿಂದಲೇ.

ರಂಜಕದ ಕಥೆ ಬೇರೆ. ಮೀನಿನ ಮುಳ್ಳಿನಲ್ಲಿ, ಕಪ್ಪೆಯ ಎಲುಬಿನಲ್ಲಿ, ಹುಳುವಿನ ಮೈಯಲ್ಲಿ ರಂಜಕ ಇರುತ್ತದೆ. ಹಕ್ಕಿಯ ಹೊಟ್ಟೆಯ ಮೂಲಕ ಅದು ಹಿಕ್ಕೆಗೆ ಬರುತ್ತದೆ. ರಂಜಕ ಗಾಳಿಗೆ ಹಾರುವುದಿಲ್ಲ. ಬಿದ್ದ ಕಡೆಯೇ ಉಳಿಯುತ್ತದೆ, ಇಲ್ಲವೇ ನೀರಿನ ಜೊತೆ ಹರಿಯುತ್ತದೆ. ಕೋಡಿ ಹರಿಯದ ಕೆರೆಗೆ ಒಮ್ಮೆ ಬಿದ್ದರೆ ತಾನಾಗಿ ಹೊರಗೆ ಹೋಗುವ ದಾರಿ ಬಹಳ ಕಡಿಮೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಗೂಡಿನ ಕೆಳಗೆ ಹೋಗೋಣ. ಗೂಡು ಕಟ್ಟುವ ಕಾಲದಲ್ಲಿ ಕೆರೆಯ ಕರಿಜಾಲಿ ಮರದ ಹತ್ತಿರ ತೆಪ್ಪದಲ್ಲಿ ಹೋದರೆ ಏನು ಕಾಣುತ್ತದೆ? ಮೇಲಿನ ಕೊಂಬೆಗಳು ಸುಣ್ಣ ಬಳಿದಂತೆ ಬೆಳ್ಳಗಿರುತ್ತವೆ. ಎಲೆಗಳ ಅಂಚು ಸುಟ್ಟು ಕಂದಾಗಿರುತ್ತದೆ. ಕೆಳಗಿನ ನೀರಿನ ಮೇಲೆ ಎಣ್ಣೆಯಂಥ ತೆಳು ಪದರ. ಅದರಲ್ಲಿ ಮೊಟ್ಟೆಯ ಸಿಪ್ಪೆ, ಪುಕ್ಕ, ಗೂಡಿಂದ ಜಾರಿದ ಕಡ್ಡಿ. ಮರಿಗೆ ತಿನ್ನಿಸಲು ತಾಯಿ ಕಕ್ಕಿದ ಮೀನಿನಲ್ಲಿ ಅರ್ಧ ಕೆಳಗೆ ಬಿದ್ದು ತೇಲುತ್ತಿರುತ್ತದೆ. ಕೆಲವು ಸಲ ಬಿದ್ದು ಸತ್ತ ಮರಿಯೂ ಇರುತ್ತದೆ. ನೀರಿಗೆ ಸೇರುವುದು ಹಿಕ್ಕೆ ಒಂದೇ ಅಲ್ಲ, ಇಷ್ಟೆಲ್ಲ ಸೇರುತ್ತದೆ. ಅದೂ ಕೆಲವೇ ಮರಗಳ ಕೆಳಗೆ, ಕೆಲವೇ ತಿಂಗಳಲ್ಲಿ. ಸುಮ್ನೆ ಹಾರಿ ಬಂದು ಹೋಗುವ ಹಕ್ಕಿಗೂ ಗೂಡು ಕಟ್ಟುವ ಹಕ್ಕಿಗೂ ಇರುವ ದೊಡ್ಡ ವ್ಯತ್ಯಾಸ ಇದು. ಗೂಡು ಕಟ್ಟಿದ ಹಕ್ಕಿ ದಿನಾ ಅದೇ ಜಾಗಕ್ಕೆ ವಾಪಸ್ ಬರಲೇಬೇಕು. ಮರಿ ಅಂತೂ ಹಾರುವವರೆಗೆ ಅಲ್ಲೇ ಕೂತಿರುತ್ತದೆ.

ಇನ್ನು ನಮ್ಮ ಮುಖ್ಯ ಪ್ರಶ್ನೆ. ನೀರುಕಾಗೆಯನ್ನು ತೆಗೆದುಕೊಳ್ಳಿ. ಅದು ಇದೇ ಕೆರೆಯಲ್ಲಿ ಮುಳುಗಿ ಮೀನು ಹಿಡಿಯುತ್ತದೆ, ಇದೇ ಕೆರೆಯ ಮರದ ಮೇಲೆ ಕೂತು ಹಿಕ್ಕೆ ಹಾಕುತ್ತದೆ. ಕೆರೆಗೆ ಹೊಸದಾಗಿ ಏನು ಬಂತು? ಏನೂ ಇಲ್ಲ. ಮೀನಿನ ಮೈಯಲ್ಲಿದ್ದ ರಂಜಕವೇ ಮತ್ತೆ ನೀರಿಗೆ ಬಂತು. ಇಲ್ಲಿ ಒಂದು ಸೂಕ್ಷ್ಮ ಇದೆ. ಮೀನಿನ ಎಲುಬಿನಲ್ಲಿ ಬಂಧಿಯಾಗಿದ್ದ ರಂಜಕ ಪಾಚಿಗೆ ಸಿಗುತ್ತಿರಲಿಲ್ಲ. ಹಿಕ್ಕೆಯಾಗಿ ಬಿದ್ದಾಗ ಅದರಲ್ಲಿ ಒಂದು ಪಾಲು ಬೇಗ ಕರಗಿ ಪಾಚಿಗೆ ಸಿಗುತ್ತದೆ. ಅಂದರೆ ಒಟ್ಟು ಲೆಕ್ಕ ಹೆಚ್ಚಾಗಲಿಲ್ಲ, ತಿರುಗಾಟ ಜೋರಾಯಿತು. ಮರಿಗಳು ದೊಡ್ಡವಾಗಿ ಬೇರೆ ಕಡೆ ಹಾರಿಹೋದರೆ ಅವುಗಳ ಎಲುಬಿನಲ್ಲಿ ಒಂದಿಷ್ಟು ರಂಜಕ ಕೆರೆಯಿಂದ ಹೊರಗೇ ಹೋಗುತ್ತದೆ.

ಈಗ ದನಗಳ ಹಿಂದೆ, ಟ್ರ್ಯಾಕ್ಟರ್ ಹಿಂದೆ ಓಡಾಡುವ ದನಬೆಳ್ಳಕ್ಕಿ ನೋಡಿ. ಹಗಲೆಲ್ಲ ಹೊಲದಲ್ಲಿ ಮಿಡತೆ, ಹುಳ, ಕಪ್ಪೆ ತಿನ್ನುತ್ತದೆ. ಸಂಜೆ ಕೆರೆಯ ಮರಕ್ಕೆ ಬರುತ್ತದೆ. ಹೊಲದ ಸತ್ವವನ್ನು ಕೆರೆಗೆ ಹೊತ್ತು ತರುವುದು ಇದು. ಒಂದು ಹಕ್ಕಿ ತರುವುದು ಚೂರು. ಸಾವಿರ ಹಕ್ಕಿ ದಿನಾ ತಂದರೆ?

ಲೆಕ್ಕ ಹಾಕೋಣ. ನಾನು ಇಲ್ಲಿ ಹಿಡಿಯುವ ಅಂಕಿಗಳು ಅಂದಾಜಿನವು, ಆದರೆ ದಾರಿ ತಪ್ಪಿಸುವಂಥವಲ್ಲ. ಒಂದು ಬೆಳ್ಳಕ್ಕಿ ದಿನಕ್ಕೆ ಸುಮಾರು 75 ಗ್ರಾಂ ಹುಳ-ಹುಪ್ಪಟೆ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಹತ್ತಿರಹತ್ತಿರ 0.2 ಗ್ರಾಂ ರಂಜಕ ಇರುತ್ತದೆ. ಬೆಳೆದ ಹಕ್ಕಿಯ ಮೈಯಲ್ಲಿ ಅದು ಉಳಿಯುವುದಿಲ್ಲ, ತಿಂದಷ್ಟೂ ಹೊರಗೆ ಬರುತ್ತದೆ. ಅರ್ಧ ಹೊಲದಲ್ಲೇ ಬೀಳುತ್ತದೆ, ಅರ್ಧ ಕೆರೆಗೆ ಅಂತ ಹಿಡಿಯೋಣ. ಸಾವಿರ ಬೆಳ್ಳಕ್ಕಿಯಿಂದ ದಿನಕ್ಕೆ 100 ಗ್ರಾಂ. ಗೂಡು ಕಟ್ಟುವುದರಿಂದ ಹಿಡಿದು ಮರಿ ಹಾರುವವರೆಗೆ 100 ದಿನ ಅಂದರೆ 10 ಕಿಲೋ.

10 ಕಿಲೋ ಅಂದರೆ ಎಷ್ಟು? ಇಲ್ಲಿ ಕೂತ ರೈತರಿಗೆ ನಾನು ಹೇಳಬೇಕಿಲ್ಲ. ಒಂದು 50 ಕಿಲೋ ಡಿಎಪಿ ಚೀಲದ ಮೇಲೆ 18:46 ಅಂತ ಬರೆದಿರುತ್ತದೆ ಅಲ್ವಾ? ಆ 46 ಅಂದರೆ ಆಮ್ಲಜನಕದ ಜೊತೆ ಸೇರಿದ ರಂಜಕದ ಶೇಕಡಾ ಲೆಕ್ಕ; ಅದನ್ನು ಬರೀ ರಂಜಕಕ್ಕೆ ಇಳಿಸಿದರೆ ಚೀಲದಲ್ಲಿ ಇರುವುದು 10 ಕಿಲೋ. ಸಾವಿರ ಬೆಳ್ಳಕ್ಕಿ ಒಂದು ಋತುವಿನಲ್ಲಿ ಕೆರೆಗೆ ಹಾಕುವುದು ಒಂದು ಚೀಲ ಡಿಎಪಿಯಲ್ಲಿರುವಷ್ಟು ರಂಜಕ.

"ಇಷ್ಟೇನಾ?" ಅನಿಸಬಹುದು. ಒಂದು ಚೀಲ ಗೊಬ್ಬರ ಒಂದು ಎಕರೆಗೇ ಸಾಲುವುದಿಲ್ಲ ಅನ್ನುವವರು ನಾವು. ಆದರೆ ನೀರಿನ ಲೆಕ್ಕ ಬೇರೆ. 25 ಎಕರೆ ಕೆರೆ, ಒಂದು ಮೀಟರ್ ನೀರು. ಅದರಲ್ಲಿ ಆ ಒಂದು ಚೀಲದ ರಂಜಕ ಪೂರ್ತಿ ಕರಗಿದರೆ ಲೀಟರಿಗೆ 0.1 ಮಿಲಿಗ್ರಾಂ ಆಗುತ್ತದೆ. ಕೇಳಲಿಕ್ಕೆ ಏನೂ ಅಲ್ಲ. ಆದರೆ ಲೀಟರಿಗೆ 0.035 ಮಿಲಿಗ್ರಾಂ ದಾಟಿದ ಕೆರೆಯನ್ನೇ ವಿಜ್ಞಾನಿಗಳು ಸತ್ವ ಹೆಚ್ಚಾದ ಕೆರೆ ಅಂತ ಕರೆಯುತ್ತಾರೆ. 0.1 ಅಂದರೆ ಅತಿ ಹೆಚ್ಚು. ಒಂದು ಗ್ರಾಂ ರಂಜಕ ಸುಮಾರು 100 ಗ್ರಾಂ ಒಣ ಪಾಚಿ ಬೆಳೆಸಬಲ್ಲದು. 10 ಕಿಲೋಗೆ ಒಂದು ಟನ್. ನಿಜವಾದ ಕೆರೆಯಲ್ಲಿ ಎಲ್ಲವೂ ಕರಗಿ ನಿಲ್ಲುವುದಿಲ್ಲ. ಬಹುಪಾಲು ತಳದ ಹೂಳಿಗೆ ಇಳಿಯುತ್ತದೆ. ಆದರೂ ಸಣ್ಣ ಕೆರೆಗೆ ಹಕ್ಕಿಗಳ ಗುಂಪು ದೊಡ್ಡ ವಿಷಯವೇ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಅದೇ ಸಾವಿರ ಹಕ್ಕಿ ಹತ್ತು ಪಟ್ಟು ನೀರಿರುವ ಕೆರೆಯಲ್ಲಿದ್ದರೆ ಪರಿಣಾಮ ಹತ್ತನೇ ಒಂದು ಭಾಗ. ಹಾಗಾಗಿ "ಹಕ್ಕಿಯಿಂದ ಕೆರೆ ಕೆಡುತ್ತಾ?" ಅಂತ ಯಾರಾದರೂ ಕೇಳಿದರೆ "ಯಾವ ಕೆರೆ, ಎಷ್ಟು ನೀರು, ಯಾವ ಹಕ್ಕಿ?" ಅಂತ ತಿರುಗಿ ಕೇಳಿ.

ಇದೇ ಲೆಕ್ಕಕ್ಕೆ ಇನ್ನೊಂದು ಸಾಲು ಸೇರಿಸಲೇಬೇಕು. ಒಬ್ಬ ಮನುಷ್ಯ ದಿನಕ್ಕೆ ಹೊರಹಾಕುವ ರಂಜಕ ಸುಮಾರು ಒಂದೂವರೆ ಗ್ರಾಂ. ಎರಡು ಸಾವಿರ ಜನರ ಊರು ಅಂದರೆ ದಿನಕ್ಕೆ 3 ಕಿಲೋ. ಅದರಲ್ಲಿ ಕಾಲು ಭಾಗ ಚರಂಡಿ ಮೂಲಕ ಕೆರೆಗೆ ಬಂದರೂ 750 ಗ್ರಾಂ. ಬೆಳ್ಳಕ್ಕಿಗಳು ನೂರು ದಿನದಲ್ಲಿ ಹಾಕಿದ್ದನ್ನು ಚರಂಡಿ ಎರಡು ವಾರದಲ್ಲಿ ಹಾಕುತ್ತದೆ. ಹಕ್ಕಿ ಋತು ಮುಗಿದ ಮೇಲೆ ಹೋಗುತ್ತದೆ. ಚರಂಡಿ ವರ್ಷಪೂರ್ತಿ ಹರಿಯುತ್ತದೆ. ಕಾಲುವೆ ನೀರಾವರಿ ಬಂದ ಮೇಲೆ ಸುರಪುರ, ಶಹಾಪುರದ ಕಡೆ ಭತ್ತ ಜಾಸ್ತಿಯಾಗಿದೆ. ಗದ್ದೆಯಿಂದ ಬಸಿದು ಬರುವ ನೀರಿನಲ್ಲೂ ಗೊಬ್ಬರ ಇರುತ್ತದೆ. ಹಕ್ಕಿ ಕಣ್ಣಿಗೆ ಕಾಣುತ್ತದೆ, ಬೆಳ್ಳಗೆ ಕಾಣುತ್ತದೆ, ಹಿಕ್ಕೆ ವಾಸನೆಯೂ ಬರುತ್ತದೆ. ಬಸಿನೀರು ತಣ್ಣಗೆ ಬಂದು ಸೇರುತ್ತದೆ. ಬೈಗುಳ ಮಾತ್ರ ಹಕ್ಕಿಗೆ. ಇದು ನ್ಯಾಯ ಅಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ.

ಹಾಗಂತ ಹಕ್ಕಿಯಿಂದ ಏನೂ ಆಗುವುದಿಲ್ಲ ಅಂತಲೂ ನಾನು ಹೇಳುವುದಿಲ್ಲ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ವಿಂಟರ್‌ಗ್ರೀನ್ ಅಂತ ಒಂದು ಸಣ್ಣ ಸರೋವರ ಇದೆ. ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇದು ಅಲ್ಲಿಗೆ ಬಂದು ತಂಗುತ್ತವೆ. 1994ರಲ್ಲಿ ಬಂದ ಅಧ್ಯಯನದ ಪ್ರಕಾರ ಹೊರಗಿನಿಂದ ಆ ಸರೋವರಕ್ಕೆ ಸೇರುವ ರಂಜಕದಲ್ಲಿ ಶೇ. 70 ನೀರುಹಕ್ಕಿಗಳಿಂದ ಬಂದದ್ದು. ಸಾರಜನಕದಲ್ಲಿ ಶೇ. 27. ಇಂಗ್ಲೆಂಡಿನ ಹಿಕ್ಲಿಂಗ್ ಬ್ರಾಡ್ ಅನ್ನುವ ಆಳವಿಲ್ಲದ ಸರೋವರದಲ್ಲಿ ರಾತ್ರಿ ತಂಗುವ ಕಡಲಹಕ್ಕಿಗಳಿಂದ ಸತ್ವ ಹೆಚ್ಚಿ, ವಿಷದ ಪಾಚಿ ಬೆಳೆದು, 1969ರಲ್ಲಿ ಮೀನುಗಳು ರಾಶಿಗಟ್ಟಲೆ ಸತ್ತವು. ಎರಡೂ ಕಡೆ ಹಕ್ಕಿ ಹೊರಗೆ ಮೇದು ಒಳಗೆ ತಂಗುತ್ತಿತ್ತು ಅನ್ನುವುದನ್ನು ಗಮನಿಸಿ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳದ್ದೂ ಇದೇ ರೀತಿ. ಹೊಲದಲ್ಲಿ ಮೇಯುತ್ತವೆ, ಕೆರೆಯಲ್ಲಿ ವಿಶ್ರಾಂತಿ. ಅವು ಇಲ್ಲಿ ಗೂಡು ಕಟ್ಟುವುದಿಲ್ಲ, ಆದರೆ ಸತ್ವ ಹೊತ್ತು ತರುವ ಕೆಲಸ ಒಂದೇ.

ಈಗ ನೀರಿನೊಳಗೆ ಏನಾಗುತ್ತದೆ ನೋಡೋಣ. ಮೀನುಗಾರರು ಇದನ್ನು ಗಮನವಿಟ್ಟು ಕೇಳಬೇಕು.

ಹಿಕ್ಕೆಯ ಸಾರಜನಕದಲ್ಲಿ ಒಂದು ಭಾಗ ಗಾಳಿಗೆ ಹೋಯಿತು, ರಂಜಕ ಪೂರ್ತಿ ಉಳಿಯಿತು ಅಂದೆ. ಪಾಚಿ ಬೆಳೆಯೋಕೆ ಒಂದು ಪಾಲು ರಂಜಕಕ್ಕೆ ಹದಿನಾರು ಪಾಲು ಸಾರಜನಕ ಬೇಕು. ಇದು ತೂಕದ ಲೆಕ್ಕ ಅಲ್ಲ, ಪರಮಾಣುಗಳ ಲೆಕ್ಕ. ಹಿಕ್ಕೆ ಬಿದ್ದ ನೀರಿನಲ್ಲಿ ರಂಜಕದ ಪಾಲು ಹೆಚ್ಚು, ಸಾರಜನಕ ಕಡಿಮೆ ಬೀಳುತ್ತದೆ. ಸಾಮಾನ್ಯ ಪಾಚಿಗೆ ಇದು ತೊಂದರೆ. ಆದರೆ ನೀಲಿ-ಹಸಿರು ಪಾಚಿಗಳಲ್ಲಿ ಕೆಲವಕ್ಕೆ ಗಾಳಿಯ ಸಾರಜನಕವನ್ನೇ ಹಿಡಿದು ಬಳಸುವ ಶಕ್ತಿ ಇದೆ. ಹಾಗಾಗಿ ಅವು ಗೆಲ್ಲುತ್ತವೆ. ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದಂತೆ ಕಾಣುವುದು ಬಹಳ ಸಲ ಈ ಜಾತಿಯವೇ. ಇವುಗಳಲ್ಲಿ ಕೆಲವು ವಿಷ ಬಿಡುತ್ತವೆ. ಅಂಥ ನೀರನ್ನು ದನಗಳಿಗೆ ಕುಡಿಸಬಾರದು.

ಹಗಲು ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳುತ್ತದೆ. ಸತ್ತ ಪಾಚಿ ಕೊಳೆಯುವಾಗ ಇನ್ನಷ್ಟು ಖರ್ಚಾಗುತ್ತದೆ. ಬೆಳಗಿನ ಜಾವ ನಾಲ್ಕು-ಐದು ಗಂಟೆಗೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಆಗ ಮೀನು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತವೆ. ಸೂರ್ಯ ಮೇಲೆ ಬಂದ ಮೇಲೆ ಕೆಳಗೆ ಇಳಿಯುತ್ತವೆ. ಇದನ್ನು ನೋಡಿದರೆ ಕೆರೆಗೆ ಸತ್ವ ಜಾಸ್ತಿಯಾಗಿದೆ ಅಂತಲೇ ತಿಳಿಯಿರಿ, ಯಾವ ಲ್ಯಾಬೂ ಬೇಡ. ಇನ್ನೊಂದು ಕಷ್ಟ ಮಧ್ಯಾಹ್ನದ್ದು. ಪಾಚಿ ಜೋರಾಗಿ ಬೆಳೆಯುವಾಗ ನೀರು ಕ್ಷಾರ ಆಗುತ್ತದೆ. ಕ್ಷಾರ ನೀರಿನಲ್ಲಿ, ಅದೂ ಬಿಸಿ ನೀರಿನಲ್ಲಿ, ಅಮೋನಿಯಾ ಮೀನಿಗೆ ವಿಷವಾಗುವ ರೂಪಕ್ಕೆ ತಿರುಗುತ್ತದೆ. ಮರಿ ಮೀನು ಮೊದಲು ಸಾಯುತ್ತವೆ.

ಇದೆಲ್ಲ ಯಾವಾಗ ಆಗುತ್ತದೆ ಅನ್ನುವುದು ನಮ್ಮ ಸೀಮೆಯಲ್ಲಿ ಬಹಳ ಮುಖ್ಯ. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಕೆರೆ ನೀರು ಚಹಾ ಬಣ್ಣಕ್ಕಿರುತ್ತದೆ. ಆ ರಾಡಿಯಲ್ಲಿ ಬೆಳಕು ಒಳಗೆ ಹೋಗುವುದಿಲ್ಲ, ಎಷ್ಟೇ ಸತ್ವ ಇದ್ದರೂ ಪಾಚಿ ಬೆಳೆಯುವುದಿಲ್ಲ. ಎರೆ ಮಣ್ಣಿನಲ್ಲಿರುವ ಸುಣ್ಣದ ಅಂಶ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ ಕೂಡ. ಬೆಳ್ಳಕ್ಕಿಗಳು ಹೆಚ್ಚಾಗಿ ಗೂಡು ಕಟ್ಟುವುದೂ ಮಳೆಗಾಲದಲ್ಲೇ. ಆ ವರ್ಷ ಚೆನ್ನಾಗಿ ಮಳೆಯಾಗಿ ಕೋಡಿ ಹರಿದರೆ ಹಿಕ್ಕೆಯ ಸತ್ವದಲ್ಲಿ ಒಂದು ಪಾಲು ಹೊರಗೆ ತೊಳೆದುಹೋಗುತ್ತದೆ. ಕೋಡಿ ಹರಿಯದ ವರ್ಷ ಎಲ್ಲವೂ ಒಳಗೇ. ದೀಪಾವಳಿ ದಾಟಿ ನೀರು ತಿಳಿಯಾದಾಗ ಹಸಿರು ಶುರುವಾಗುತ್ತದೆ. ಬೇಸಿಗೆಯಲ್ಲಿ ನೀರು ಆವಿಯಾಗಿ ಮೊಣಕಾಲುದ್ದಕ್ಕೆ ಇಳಿದಾಗ ಅದೇ ಸತ್ವ ಸ್ವಲ್ಪ ನೀರಿನಲ್ಲಿ ಗಟ್ಟಿಯಾಗುತ್ತದೆ. ತಳದಲ್ಲಿ ಆಮ್ಲಜನಕ ಇಲ್ಲದಾಗ ಹೂಳಿನಲ್ಲಿ ಕಬ್ಬಿಣದ ಜೊತೆ ಕಟ್ಟಿಕೊಂಡಿದ್ದ ಹಳೆಯ ರಂಜಕವೂ ಬಿಡುಗಡೆಯಾಗಿ ಮೇಲೆ ಬರುತ್ತದೆ. ಏಪ್ರಿಲ್‌ನಲ್ಲಿ ಮೀನು ಸತ್ತಾಗ ಗೂಡುಗಳು ಖಾಲಿಯಾಗಿ ತಿಂಗಳುಗಳೇ ಆಗಿರುತ್ತವೆ. ಆದರೂ ಬೈಸಿಕೊಳ್ಳುವುದು ಆ ಹೊತ್ತಿಗೆ ಕೆರೆಯಲ್ಲಿ ಕಂಡ ಹಕ್ಕಿಯೇ.

ಹೂಳಿನ ಬಗ್ಗೆ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಹೇಳಿಬಿಡುತ್ತೇನೆ. ಸಾರಜನಕದಲ್ಲಿ ಹಗುರ ಮತ್ತು ಭಾರ ಅಂತ ಎರಡು ಬಗೆ ಇದೆ. ಆಹಾರದ ಸರಪಳಿಯಲ್ಲಿ ಮೇಲೆ ಹೋದಷ್ಟೂ ಭಾರದ್ದು ಹೆಚ್ಚುತ್ತದೆ. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಅದು ಜಾಸ್ತಿ. ಹಿಕ್ಕೆ ಹೂಳಿನಲ್ಲಿ ಪದರ ಪದರವಾಗಿ ಕೂರುತ್ತದೆ. ಆ ಪದರಗಳ ರಾಸಾಯನಿಕ ಗುರುತು ಓದಿದರೆ ಯಾವ ಕಾಲದಲ್ಲಿ ಹಕ್ಕಿ ಹೆಚ್ಚಿತ್ತು, ಯಾವಾಗ ಕಡಿಮೆಯಾಯಿತು ಅಂತ ಗೊತ್ತಾಗುತ್ತದೆ. ಅಂಟಾರ್ಕ್ಟಿಕಾ ಹತ್ತಿರದ ಆರ್ಡ್ಲಿ ದ್ವೀಪದ ಒಂದು ಕೆರೆಯ ಹೂಳಿನಿಂದ ವಿಜ್ಞಾನಿಗಳು 3000 ವರ್ಷಗಳ ಪೆಂಗ್ವಿನ್ ಇತಿಹಾಸ ಓದಿದ್ದಾರೆ. 2000ನೇ ಇಸವಿಯಲ್ಲಿ ಅದು ಪ್ರಕಟವಾಯಿತು. ಅಲ್ಲಿ ಅವರು ಓದಿದ್ದು ಹಿಕ್ಕೆಯಿಂದ ಬಂದ ರಂಜಕ ಮತ್ತು ಅದರ ಜೊತೆಗಿನ ಧಾತುಗಳನ್ನು. ನಾಯಕರ ಕಾಲದ ಕೆರೆಗಳಲ್ಲೂ ಹೂಳು ಇದೆ. ಜೆಸಿಬಿ ಇಳಿಸಿ ಪೂರ್ತಿ ಬಾಚುವ ಮೊದಲು ಒಂದೆರಡು ಕಡೆ ಕೊಳವೆ ಇಳಿಸಿ ಹೂಳಿನ ಮಾದರಿ ತೆಗೆದಿಟ್ಟರೆ ಎಷ್ಟು ಚೆನ್ನ! ಭೂವಿಜ್ಞಾನ ಓದುವ ಹುಡುಗರು, ಹುಡುಗಿಯರು ಯಾರಾದರೂ ಇದನ್ನು ಕೈಗೆತ್ತಿಕೊಳ್ಳಲಿ ಅಂತ ನನ್ನ ಆಸೆ.

ಹಿಕ್ಕೆಯನ್ನು ಜಾಣತನದಿಂದ ಬಳಸಿಕೊಂಡ ಊರುಗಳೂ ಇವೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರದ ಮೇಲೇ ಗೂಡು ಕಟ್ಟುತ್ತವೆ. ಜನ ಮರದ ಕೆಳಗೆ ಗುಂಡಿ ತೆಗೆದು ಹಿಕ್ಕೆ ಕೂಡಿಸಿ, ಕೆರೆ ಮಣ್ಣು ಬೆರೆಸಿ ಹೊಲಕ್ಕೆ ಹಾಕುತ್ತಾರೆ. ತಮಿಳುನಾಡಿನ ವೇದಂತಾಂಗಲ್‌ನ ರೈತರು 18ನೇ ಶತಮಾನದ ಕೊನೆಯಲ್ಲೇ, ಬಂದೂಕು ಹಿಡಿದು ಬಂದ ಬ್ರಿಟಿಷ್ ಸಿಪಾಯಿಗಳ ಮೇಲೆ ಕಲೆಕ್ಟರಿಗೆ ದೂರು ಕೊಟ್ಟು, ಹಕ್ಕಿಗಳ ರಕ್ಷಣೆಗೆ ಬರಹದ ಆದೇಶ ಪಡೆದರು. ಹಕ್ಕಿ ಇದ್ದರೆ ಕೆರೆ ನೀರಿಗೆ ಬಲ, ಬೆಳೆಗೆ ಬಲ ಅನ್ನುವುದು ಅವರಿಗೆ ಗೊತ್ತಿತ್ತು.

ಜೊಂಡಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಕೆನ್ನೀಲಿ ಬಕ ಜೊಂಡಿನೊಳಗೇ ಗೂಡು ಕಟ್ಟುತ್ತದೆ. ಜೊಂಡು ಬೆಳೆಯುವಾಗ ನೀರು ಮತ್ತು ಹೂಳಿನಿಂದ ಸತ್ವ ಎಳೆದುಕೊಳ್ಳುತ್ತದೆ. ಹಿಕ್ಕೆ ನಡುನೀರಿಗೆ ಹರಡದಂತೆ ತಡೆಯುತ್ತದೆ. "ಕೆರೆ ಸ್ವಚ್ಛ" ಅಂತ ಹೇಳಿ ಜೊಂಡನ್ನು ಪೂರ್ತಿ ಕಿತ್ತರೆ ಬಕಕ್ಕೆ ಗೂಡಿಲ್ಲ, ಕೆರೆಗೆ ಸೋಸುವ ಜಾಲರಿಯೂ ಇಲ್ಲ. ಬೇಸಿಗೆಯಲ್ಲಿ ಜೊಂಡಿಗೆ ಬೆಂಕಿ ಹಾಕುವುದು ಇನ್ನೂ ತಪ್ಪು. ಬೂದಿಯ ಜೊತೆ ರಂಜಕ ಮತ್ತೆ ಕೆರೆಗೇ ಬೀಳುತ್ತದೆ. ಮರಿಗಳೆಲ್ಲ ಹಾರಿದ ಮೇಲೆ, ಗೂಡಿನ ಜಾಗ ಬಿಟ್ಟು, ಉಳಿದ ಕಡೆ ಸ್ವಲ್ಪ ಸ್ವಲ್ಪ ಕೊಯ್ದು ಏರಿಯ ಆಚೆ ಸಾಗಿಸಿ. ತಿಪ್ಪೆಗೆ ಹಾಕಿ. ಕೆರೆಯ ಸತ್ವ ಹೊರಗೆ ಹೋಗುವ ಒಳ್ಳೆಯ ದಾರಿ ಇದು.

ಕಾಲೇಜಿನವರಿಗೆ ಒಂದು ಕೆಲಸ. ದುಬಾರಿ ಯಂತ್ರ ಬೇಡ. ಬೆಳಿಗ್ಗೆ ಹೊತ್ತು ಹುಟ್ಟುವಾಗ ಮತ್ತು ಸಂಜೆ ಏರಿಯ ಮೇಲೆ ನಿಲ್ಲಿ. ಹಕ್ಕಿಗಳು ಯಾವ ದಿಕ್ಕಿಗೆ ಹೋಗುತ್ತವೆ, ಬರುತ್ತವೆ ಬರೆದುಕೊಳ್ಳಿ. ಹೊಲದ ಕಡೆ ಹೋಗುವ ಸಾಲು ಉದ್ದವಾ, ಕೆರೆಯಲ್ಲೇ ಇಳಿಯುವವು ಜಾಸ್ತಿಯಾ? ಸತ್ವ ಹೊರಗಿಂದ ಬರುತ್ತಿದೆಯೋ ಒಳಗೇ ತಿರುಗುತ್ತಿದೆಯೋ ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಹಕ್ಕಿ ಎಣಿಸುವ ಜೊತೆ ಗೂಡು ಎಣಿಸಿ. ಆಮೇಲೆ ಸೆಕ್ಕಿ ತಟ್ಟೆ, ನೀರು ಎಷ್ಟು ತಿಳಿಯಾಗಿದೆ ಅಂತ ಅಳೆಯೋಕೆ. 20 ಸೆಂಟಿಮೀಟರ್ ಅಗಲದ ತಟ್ಟೆಗೆ ಕಪ್ಪು-ಬಿಳಿ ಬಣ್ಣ ಹಚ್ಚಿ, ಭಾರ ಕಟ್ಟಿ, ಹಗ್ಗದಿಂದ ಇಳಿಸಿ. ಎಷ್ಟು ಆಳಕ್ಕೆ ಕಣ್ಮರೆಯಾಗುತ್ತದೆ ನೋಡಿ. ಇಟಲಿಯ ಆಂಜೆಲೊ ಸೆಕ್ಕಿ 1865ರಲ್ಲಿ ಮಾಡಿದ ಉಪಾಯ ಇವತ್ತಿಗೂ ನಡೆಯುತ್ತಿದೆ. ಗೂಡಿನ ಮರದ ಹತ್ತಿರ, ನಡುನೀರಿನಲ್ಲಿ, ಚರಂಡಿ ಸೇರುವ ಬಾಯಿಯಲ್ಲಿ, ಮೂರೂ ಕಡೆ ಅಳೆಯಿರಿ. ಗೂಡು ಕಟ್ಟುವ ಮೊದಲು, ಮರಿ ಇರುವಾಗ, ಹಾರಿದ ಮೇಲೆ ಅಳೆಯಿರಿ. ಮಳೆಯ ರಾಡಿಯೂ ತಟ್ಟೆಯನ್ನು ಬೇಗ ಮರೆಮಾಡುತ್ತದೆ, ಅದಕ್ಕೇ ನೀರಿನ ಬಣ್ಣವನ್ನೂ ಪಕ್ಕದಲ್ಲಿ ಬರೆಯಿರಿ. ಎರಡು-ಮೂರು ವರ್ಷ ಬಿಡದೆ ಮಾಡಿದರೆ ನಿಮ್ಮ ಹತ್ತಿರ ಗಟ್ಟಿ ಮಾಹಿತಿ ಇರುತ್ತದೆ.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

ಹಿರಿಯ ರೈತರೊಬ್ಬರು ಎದ್ದು, "ಸರ, ಹಂಗಾದ್ರ ಕೆರಿ ನೀರು ಬಿಟ್ರ ಡಿಎಪಿ ಕಡಿಮಿ ಹಾಕಬಹುದೇನ್ರಿ?" ಅಂತ ಕೇಳಿದರು.

"ಕಾಕಾ, ಬರೀ ನೀರಿನಿಂದ ಅಷ್ಟು ಸಿಗುವುದಿಲ್ಲ" ಅಂದೆ. ನಮ್ಮ ಲೆಕ್ಕದ ಕೆರೆಯಲ್ಲಿ ಲೀಟರಿಗೆ 0.1 ಮಿಲಿಗ್ರಾಂ ರಂಜಕ. ಒಂದು ಎಕರೆ ಭತ್ತಕ್ಕೆ ಒಟ್ಟು ಒಂದು ಮೀಟರ್ ನೀರು ಬಿಟ್ಟರೆ ಸುಮಾರು 400 ಗ್ರಾಂ ರಂಜಕ ಬರುತ್ತದೆ. ಡಿಎಪಿ ಚೀಲದ ಇಪ್ಪತ್ತೈದನೇ ಒಂದು ಭಾಗ. ಕೆರೆಯಲ್ಲಿ ಪಾಚಿಗೆ ಜಾಸ್ತಿಯಾದದ್ದು ಗದ್ದೆಗೆ ಸಾಲದು. ನಿಜವಾದ ಸಂಪತ್ತು ಹೂಳಿನಲ್ಲಿದೆ. ಗೂಡಿನ ಮರಗಳ ಸುತ್ತಲಿನ ಹೂಳು ಇನ್ನೂ ಚಲೋ. ನಮ್ಮ ಹಿರಿಯರು ಬೇಸಿಗೆಯಲ್ಲಿ ಬಂಡಿ ಕಟ್ಟಿ ಕೆರೆ ಮಣ್ಣು ಹೊಡೆಯುತ್ತಿದ್ದದ್ದು ಸುಮ್ನೆ ಅಲ್ಲ. ಆದರೆ ಚರಂಡಿ ಸೇರುವ ಬಾಯಿಯ ಹೂಳನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಬೇಡಿ.

ಮೀನುಗಾರ ಯುವಕ ಒಬ್ಬ, "ನೀರುಕಾಗಿ ನಮ್ಮ ಮೀನೆಲ್ಲ ತಿಂತಾವ್ರಿ. ಅದಕ್ಕೇನು ಹೇಳ್ತೀರಿ?" ಅಂದ. ಅವನ ಕಷ್ಟ ನಿಜ. ಬಿತ್ತಿದ ಮೀನುಮರಿ ಸಣ್ಣದಿರುವಾಗ ನಷ್ಟ ಆಗುತ್ತದೆ. ಮರಿಗಳನ್ನು ಬಲೆ ಕಟ್ಟಿದ ಪಂಜರದಲ್ಲಿ ಬೆರಳುದ್ದಕ್ಕಿಂತ ದೊಡ್ಡದು ಮಾಡಿ ಬಿಟ್ಟರೆ ನಷ್ಟ ಕಡಿಮೆ. ಆದರೆ ಒಂದು ಮಾತು ಅವನಿಗೂ ಹೇಳಿದೆ. ಮೀನು ಬೆಳೆಸೋಕೆ ಕೆರೆಗೆ ಸಗಣಿ, ಗೊಬ್ಬರ ಹಾಕುತ್ತಾರಲ್ಲ, ಹಕ್ಕಿ ಮಾಡುವುದೂ ಅದೇ ಕೆಲಸ. ಹದವಾಗಿದ್ದರೆ ಸಣ್ಣ ಪಾಚಿ, ಅದನ್ನು ತಿನ್ನುವ ಸೂಕ್ಷ್ಮ ಜೀವಿ, ಅದರಿಂದ ಮೀನು. ಹಕ್ಕಿ ಇರುವ ಕೆರೆಗೆ ಹೊರಗಿನ ಗೊಬ್ಬರವನ್ನೂ ಸುರಿಯುವುದು ಬೇಡ. ಎರಡೂ ಸೇರಿದರೆ ಹದ ತಪ್ಪುತ್ತದೆ.

ಕೊನೆಗೆ ಬಿಎಸ್ಸಿ ಓದುವ ಹುಡುಗಿಯೊಬ್ಬಳು ಕೇಳಿದಳು: "ಸರ್, ಹಿಕ್ಕೆಯಿಂದ ಗೂಡಿನ ಮರಾನೇ ಸಾಯ್ತದ ಅಲ್ವಾ? ಆಮೇಲೆ ಹಕ್ಕಿ ಎಲ್ಲಿಗೆ ಹೋಗ್ತಾವ?"

ಒಳ್ಳೆಯ ಪ್ರಶ್ನೆ. ಹಲವು ವರ್ಷ ಹಿಕ್ಕೆ ಬಿದ್ದ ಮರ ಎಲೆ ಕಳೆದುಕೊಂಡು ಒಣಗುತ್ತದೆ, ನಿಜ. ನೀರಿನಲ್ಲೇ ಬಹಳ ದಿನ ನಿಂತರಂತೂ ಇನ್ನೂ ಬೇಗ. ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಸೇರಿತು. ಅಲ್ಲಿ ಹಕ್ಕಿಗಳು ನಂಬಿಕೊಂಡಿರುವುದು ನೀರಲ್ಲಿ ನಿಂತ ಕರಿಜಾಲಿ ಮರಗಳನ್ನು. ಒಣ ಕೊಂಬೆಯ ಮೇಲೂ ಕೆಲವು ವರ್ಷ ಗೂಡು ಕಟ್ಟುತ್ತವೆ. ಕೊಂಬೆ ಮುರಿದ ಮೇಲೆ ಜಾಗ ಬಿಡುತ್ತವೆ. ಅದಕ್ಕೇ ಈಗಿನ ಮರಗಳು ಗಟ್ಟಿಯಿರುವಾಗಲೇ ಮುಂದಿನವನ್ನು ನೆಡಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ಹೂಳೆತ್ತಿದ ಮಣ್ಣಿನಿಂದ ಕೆರೆಯೊಳಗೆ ಸಣ್ಣ ದಿಬ್ಬ ಮಾಡಿ, ಅದರ ಮೇಲೆ ಕರಿಜಾಲಿ ಸಸಿ ಹಾಕಿ, ಮೊದಲ ಎರಡು ವರ್ಷ ಕುರಿ-ಮೇಕೆ ತಿನ್ನದಂತೆ ಮುಳ್ಳು ಬೇಲಿ ಕಟ್ಟಿ. ಪಕ್ಷಿಧಾಮದ ಕೆರೆ ಆದರೆ ಮೊದಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ದಿಬ್ಬಗಳು ಏರಿಯಿಂದ ದೂರ ಇರಲಿ, ತೂಬಿನ ಬಾಯಿಂದಲೂ ದೂರ ಇರಲಿ. ಹಿಕ್ಕೆ ಎಲ್ಲಿ ಬೀಳಬೇಕು ಅನ್ನುವುದನ್ನು ಸಸಿ ನೆಡುವಾಗಲೇ ನಾವು ತೀರ್ಮಾನಿಸಬಹುದು.